ಚಾಮಯ್ಯ ಮೇಷ್ಟ್ರ ಅಪರಾಧ

ಸೆಪ್ಟೆಂಬರ್ 5ನೆಯ ತಾರೀಖಿನಂದು ನಮ್ಮ ಕಡೆ ನಡೆಯುವ ಶಿಕ್ಷಕರ ಸಭೆಗಳಲ್ಲಿ ಇಬ್ಬರು ಗುರುಗಳ ಸ್ತೋತ್ರವು ಸಾಮಾನ್ಯವಾಗಿ ತಪ್ಪುವುದಿಲ್ಲ. ಒಬ್ಬರು, ಆ ದಿನ ಯಾರ ಜನ್ಮದಿನವೋ ಆ ಸರ್ವಪಲ್ಲಿ ರಾಧಾಕೃಷ್ಣನ್ ಅವರು. ಎರಡನೆಯವರು ಎಂದೂ ಹುಟ್ಟಿದವರಲ್ಲ, ಎಂದೂ ಸರ್ಕಾರದ ಸಂಬಳ ಎಣಿಸಿದವರಲ್ಲ. 1972ರಲ್ಲಿ ಬೆಳ್ಳಿತೆರೆಯ ಮೇಲೆ ಕಾಣಿಸಿಕೊಂಡು ಚಿತ್ರದುರ್ಗದ ಬಂಡೆಯ ಮೇಲಿಂದ ಉರುಳಿ ಪ್ರಾಣಬಿಟ್ಟ ಚಾಮಯ್ಯ ಮೇಷ್ಟ್ರು. ಗುರುವೆಂದರೆ ಅವರಂತಿರಬೇಕು, ಶಿಷ್ಯವಾತ್ಸಲ್ಯವೆಂದರೆ ಅದು, ಎಂದು ಉಪನ್ಯಾಸಕರು ಗದ್ಗದಕಂಠರಾಗುವರು. ಸಭಿಕರು ಕರತಾಡನ ಮಾಡುವರು. ತರುವಾಯ ಅದೇ ಉಪನ್ಯಾಸಕರು ಇಂದಿನ ಚಲನಚಿತ್ರಗಳ ಕಡೆಗೆ ತಿರುಗಿ, ಕೊಲೆ ಸುಲಿಗೆ ವ್ಯಭಿಚಾರಗಳನ್ನು ತೋರಿಸುವ ಚಿತ್ರಗಳಿಂದ ಹುಡುಗರು ಕೆಡುತ್ತಿರುವರೆಂದೂ, ಒಳ್ಳೆಯವನಾರು ಕೆಟ್ಟವನಾರು ಎಂಬುದೇ ತಿಳಿಯದಂತೆ ಕಥೆ ಹೆಣೆಯುವುದು ಸಮಾಜದ್ರೋಹವೆಂದೂ ಗುಡುಗುವರು. ಈ ಎರಡು ಮಾತುಗಳನ್ನೂ ಖಂಡಿಸುವುದು ಪ್ರಕೃತ ಲೇಖನದ ಉದ್ದೇಶ. ಎರಡೂ ಒಂದೇ ಬೇರಿನಿಂದ ಹುಟ್ಟಿದವೆಂದು ನನ್ನ ಅಭಿಪ್ರಾಯ.

ಪುಟ್ಟಣ್ಣ ಕಣಗಾಲರ 'ನಾಗರಹಾವು' ನಮ್ಮ ಸೀಮೆಯ ಸ್ವತ್ತೆಂಬುದರಲ್ಲಿ ಸಂದೇಹವಿಲ್ಲ. ಅದಕ್ಕೆ ಆಧಾರವಾದ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಬರೆದ ತ. ರಾ. ಸುಬ್ಬರಾಯರ ಹೆಸರಿನ ಮೊದಲನೆಯ ಅಕ್ಷರವೇ ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕು. ದೊಡ್ಡಉಳ್ಳಾರ್ತಿಯಲ್ಲಿ ಕುಳಿತು ಬರೆಯುವ ನನಗೂ ಆ ಅಭಿಮಾನವುಂಟು. ತಮ್ಮ ನಾಗರವನ್ನು ಚಿತ್ರದವರು ಕೇರೆಹಾವು ಮಾಡಿದರೆಂದು ಕಾದಂಬರಿಕಾರರು ಮುನಿದದ್ದು ಪ್ರಸಿದ್ಧವಾಗಿಯೇ ಇದೆ. ಆ ವ್ಯಾಜ್ಯಕ್ಕೆ ನಾನು ಕೈಹಾಕುವುದಿಲ್ಲ. ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ತೆರೆಯ ಮೇಲಿನ ಕಥೆಯನ್ನು ಮಾತ್ರ. ಏಕೆಂದರೆ ಜನಮನದಲ್ಲಿ ಉಳಿದಿರುವುದು ಅದೇ. 1974ರಲ್ಲಿ ಅದು ಹಿಂದಿ, ತಮಿಳು, ತೆಲುಗುಗಳಿಗೂ ಹೋಯಿತು. 2018ರಲ್ಲಿ ಹೊಸ ತಂತ್ರದಿಂದ ಶೋಧಿಸಿ ಮರಳಿ ಬಿಡುಗಡೆ ಮಾಡಿದಾಗ, ಮೊದಲ ಸಲ ತೆರೆಕಂಡಾಗ ಹುಟ್ಟದಿದ್ದವರು ಸಹ ಹೋಗಿ ನೋಡಿ ಅತ್ತು ಬಂದರು.

ಈಗ ಆ ಕಥೆಯನ್ನು, ಹಾಡುಗಳನ್ನೂ ಕೋಟೆಯ ಸೊಬಗನ್ನೂ ಬಿಟ್ಟು, ಪೊಲೀಸ್ ಠಾಣೆಯ ದಫ್ತರದಲ್ಲಿ ಬರೆಯುವಂತೆ ಬರೆದು ನೋಡೋಣ. ರಾಮಾಚಾರಿಯೆಂಬ ಮುಂಗೋಪಿ ಹುಡುಗನು ಪರೀಕ್ಷೆಯಲ್ಲಿ ನಕಲು ಮಾಡುವಾಗ ಸಿಕ್ಕಿಬೀಳುತ್ತಾನೆ. ದಂಡಿಸಿದ ಪ್ರಿನ್ಸಿಪಾಲರನ್ನು ರಾತ್ರಿಯಲ್ಲಿ ಬಟ್ಟೆ ಬಿಚ್ಚಿ ಕಂಬಕ್ಕೆ ಕಟ್ಟುತ್ತಾನೆ. ಸಹಪಾಠಿ ವರದನ ತಂಗಿ ಅಲಮೇಲುವನ್ನು ಪೀಡಿಸುತ್ತಿದ್ದ ಜಲೀಲನನ್ನು ಹೊಡೆದು ಓಡಿಸುತ್ತಾನೆ. ತಂಗಿಯನ್ನು ಕೊಡುವೆನೆಂದು ಮಾತುಕೊಟ್ಟಿದ್ದ ವರದನು ಕೆಲಸವಾದ ಮೇಲೆ ಹಿಂದೆಗೆಯುತ್ತಾನೆ. ಅಲಮೇಲುವೂ ರಾಮಾಚಾರಿಯೂ ಪರಸ್ಪರ ಒಲಿದವರು. ಜಾತಿ ಸಂಪ್ರದಾಯಗಳು ಅಡ್ಡಬರುತ್ತವೆ. ತಂದೆತಾಯಿಗಳ ಮಾತಿಗೂ ಬಗ್ಗದ ಈ ಹುಡುಗನನ್ನು ಬಗ್ಗಿಸಬಲ್ಲವರು ಲೋಕದಲ್ಲಿ ಒಬ್ಬರೇ. ಆ ಚಾಮಯ್ಯ ಮೇಷ್ಟ್ರು ಬಂದು ತ್ಯಾಗದ ಮಹಿಮೆಯನ್ನು ಬೋಧಿಸುತ್ತಾರೆ, ಶಿಷ್ಯನು ಬಗ್ಗುತ್ತಾನೆ. ಅಲಮೇಲುವನ್ನು ಇನ್ನೊಬ್ಬನಿಗೆ ಕೊಡುತ್ತಾರೆ. ಆ ಮದುವೆಯು ಆಕೆಯನ್ನು ವೇಶ್ಯಾವೃತ್ತಿಗೆ ತಂದು ನಿಲ್ಲಿಸುತ್ತದೆ. ಮುಂದೆ ರಾಮಾಚಾರಿಯು ಮಾರ್ಗರೆಟ್ ಎಂಬ ಕ್ರೈಸ್ತಕನ್ಯೆಯನ್ನು ಒಲಿದಾಗ ಊರು ಮತ್ತೆ ಎದ್ದು ನಿಲ್ಲುತ್ತದೆ. ಮೇಷ್ಟ್ರು ಮತ್ತೆ ಬರುತ್ತಾರೆ. ಬೆಟ್ಟದ ತುದಿಯಲ್ಲಿ ಶಿಷ್ಯನು, ನಿಮ್ಮ ಮಾತು ಕೇಳಿ ಅಲಮೇಲು ಏನಾದಳು ನೋಡಿರಿ ಎಂದು ಆಡಿದರೂ ಮೇಷ್ಟ್ರು ಹಟ ಬಿಡುವುದಿಲ್ಲ. ಕೋಪದ ಒಂದು ಕ್ಷಣದಲ್ಲಿ ಶಿಷ್ಯನ ಕೈ ಗುರುವನ್ನು ತಳ್ಳುತ್ತದೆ. ಗುರು ಸಾಯುತ್ತಾನೆ. ಶಿಷ್ಯನೂ ಮಾರ್ಗರೆಟಳೂ ಅದೇ ಬೆಟ್ಟದಿಂದ ಧುಮುಕುತ್ತಾರೆ.

ವಾಚಕರೇ ಹೇಳಲಿ: ಅವಮಾನ, ಹೊಡೆದಾಟ, ವಚನಭಂಗ, ವೇಶ್ಯಾವೃತ್ತಿ, ಗುರುಹತ್ಯೆ, ಜೋಡಿ ಆತ್ಮಹತ್ಯೆ — ಇದು ಅಪರಾಧದ ಚಿತ್ರವಲ್ಲದೆ ಮತ್ತೇನು? ಇಂಥ ಚಿತ್ರಗಳಿಂದ ಯುವಕರು ಕೆಡುವರೆಂದು ಗುಡುಗುವ ಮಹನೀಯರು ಇದೊಂದನ್ನು ಮಾತ್ರ ತಲೆಯ ಮೇಲಿಟ್ಟುಕೊಂಡು ಮೆರೆಸುವುದು ಹೇಗೆ? ಇದರಲ್ಲಿ ಅಪರಾಧ ಮಾಡಿದವರಾರೆಂಬುದನ್ನು ಅವರು ನೋಡಿಲ್ಲವಾದ್ದರಿಂದ.

ಮೊದಲು ಅವರ ಎರಡನೆಯ ಮಾತನ್ನು ಬೇಗ ಮುಗಿಸಿಬಿಡುತ್ತೇನೆ. ಅದರಲ್ಲಿ ಹೆಚ್ಚಿನ ಸಾರವಿಲ್ಲ. ಪಾಪವನ್ನು ತೋರಿಸುವುದು ನಮ್ಮ ಸಂಸ್ಕೃತಿಗೆ ಹೊರಗಿನದು, ಪಾಶ್ಚಾತ್ಯರಿಂದ ಬಂದ ರೋಗ, ಎಂದು ಹೇಳುವವರು ಸಂಸ್ಕೃತವನ್ನು ಮಂಗಳಶ್ಲೋಕದಿಂದ ಮುಂದಕ್ಕೆ ಓದಿದವರಲ್ಲ. ಭರತಮುನಿಯ ಮೊದಲನೆಯ ಅಧ್ಯಾಯದಲ್ಲಿಯೇ ಈ ತಕರಾರು ಬಂದಿದೆ. ತಮ್ಮ ಸೋಲನ್ನು ಆಡಿ ತೋರಿಸಿದರೆಂದು ದೈತ್ಯರು ರಂಗವನ್ನು ಕೆಡಿಸಲು ಬಂದಾಗ, ನಾಟ್ಯವು ನಿಮ್ಮದೂ ಅಲ್ಲ ದೇವತೆಗಳದೂ ಅಲ್ಲ, ಇಬ್ಬರ ಶುಭಾಶುಭಗಳೂ ಅದರಲ್ಲಿ ಬರತಕ್ಕವು ಎಂದು ಬ್ರಹ್ಮನು ಸಮಾಧಾನ ಹೇಳುತ್ತಾನೆ. ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಶರ್ವಿಲಕನೆಂಬ ಬ್ರಾಹ್ಮಣನು ಚಾರುದತ್ತನ ಮನೆಗೆ ಕನ್ನ ಹಾಕುವಾಗ ಅಳತೆಯ ದಾರ ಮರೆತು ಬಂದುದರಿಂದ ಜನಿವಾರದಿಂದಲೇ ಗೋಡೆಯನ್ನು ಅಳೆಯುತ್ತಾನೆ. (ಪಾಠಶಾಲೆಯಲ್ಲಿ ಈ ಭಾಗ ಬಂದಾಗ ನಮಗೆಲ್ಲ ನಗು, ಅಧ್ಯಾಪಕರಿಗೆ ಮಾತ್ರ ಕೆಮ್ಮು.) ಕದ್ದದ್ದು ಪ್ರಿಯೆಯನ್ನು ದಾಸ್ಯದಿಂದ ಬಿಡಿಸಲು. ಇವನು ಒಳ್ಳೆಯವನೋ ಕೆಟ್ಟವನೋ? ಭಾಸನ ಊರುಭಂಗದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನನು ಪ್ರೇಕ್ಷಕರ ಕಣ್ಣೆದುರಿಗೇ ಸಾಯುತ್ತಾನೆ, ಮತ್ತು ಸಾಯುವ ಮುನ್ನ ಮಗನಿಗೆ ಪಾಂಡವರ ಸೇವೆ ಮಾಡೆಂದು ಹೇಳುತ್ತಾನೆ. ಅಲ್ಲಿ ಭೀಮನ ಗದೆ ಧರ್ಮದ ಪಕ್ಷವೋ ಅಧರ್ಮದ ಪಕ್ಷವೋ? ರನ್ನನು ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಇಷ್ಟು ಸಾಕು.

ಇನ್ನು ಮೊದಲನೆಯ ಮಾತು. ಇದು ಭಾರವಾದುದು, ಇದನ್ನು ಎತ್ತುವಾಗ ಪೂರ್ವಪಕ್ಷಕ್ಕೆ ಪೂರ್ಣ ಅವಕಾಶ ಕೊಡಬೇಕು. ಚಾಮಯ್ಯ ಮೇಷ್ಟ್ರ ಪರವಾಗಿ ಹೇಳಬಹುದಾದುದೆಲ್ಲವೂ ನಿಜ. ಊರೆಲ್ಲ ರಾಮಾಚಾರಿಯನ್ನು ಪೋಕರಿಯೆಂದಾಗ ಅವರೊಬ್ಬರೇ ಹಾಗೆನ್ನಲಿಲ್ಲ. ಮಕ್ಕಳಿಲ್ಲದ ಅವರೂ ಅವರ ಪತ್ನಿ ತುಂಗಮ್ಮನವರೂ ಆ ಹುಡುಗನನ್ನು ಹೆತ್ತವರಿಗಿಂತ ಹೆಚ್ಚಾಗಿ ಕಂಡರು. ದಡ್ಡರನ್ನು ಸಹಿಸುವ ಉಪಾಧ್ಯಾಯರು ಹಲವರು ಸಿಕ್ಕಾರು. ದುಷ್ಟನೆಂದು ಹೆಸರಾದವನನ್ನು ನಂಬುವವರು ನೂರಕ್ಕೊಬ್ಬರು. ತರಗತಿಯಲ್ಲಿ ದಿನಗಳೆದವರಿಗೆ ಇದರ ಬೆಲೆ ಗೊತ್ತು. ಸಾಲದ್ದಕ್ಕೆ ಕೆ. ಎಸ್. ಅಶ್ವತ್ಥರು ಆ ಪಾತ್ರವನ್ನು ಧರಿಸಿದರು. ಅವರ ಕಣ್ಣು, ಅವರ ದನಿ, ಮೇಲುಹೊದಿಕೆಯನ್ನು ಸರಿಮಾಡಿಕೊಳ್ಳುವ ರೀತಿ, ಇವುಗಳೆದುರಿಗೆ ತರ್ಕವು ನಿಲ್ಲುವುದು ಕಷ್ಟ. ನಟನ ಗುಣವು ಪಾತ್ರದ ದೋಷವನ್ನು ಮುಚ್ಚಿಬಿಟ್ಟಿತು.

ದೋಷವು ಯಾವುದೆಂದರೆ, ಆ ವಾತ್ಸಲ್ಯವನ್ನು ಅವರು ಸಾಲವಾಗಿ ಎಣಿಸಿ ವಸೂಲು ಮಾಡಿದ್ದು. ಜಾತಿಯ ಕಟ್ಟಳೆ ಸರಿಯೆಂದು ರಾಮಾಚಾರಿಗೆ ಯಾರೂ ಒಪ್ಪಿಸಲಾರರು. ಆತನಿಗೆ ಅದರಲ್ಲಿ ನಂಬಿಕೆಯಿಲ್ಲ. ಮೇಷ್ಟ್ರು ಅದನ್ನು ತರ್ಕದಿಂದ ಒಪ್ಪಿಸಲು ಹೋಗುವುದೂ ಇಲ್ಲ. ನಾನು ಹೇಳುತ್ತೇನೆ, ಆದ್ದರಿಂದ ಬಿಡು — ಇಷ್ಟೇ ಅವರ ಯುಕ್ತಿ. ದೊಣ್ಣೆಯಿಂದ ಆಗದ ಕೆಲಸವನ್ನು ಊರು ಪ್ರೀತಿಯಿಂದ ಮಾಡಿಸಿಕೊಂಡಿತು. ಮೇಷ್ಟ್ರು ಊರಿನ ಕೈಯ ಉಪಕರಣವಾದರು. ಆ ತ್ಯಾಗದಲ್ಲಿ ತ್ಯಾಗ ಮಾಡಿದವನು ರಾಮಾಚಾರಿಯೆಂದು ನಾವೆಲ್ಲ ಎಣಿಸುತ್ತೇವೆ. ಬಲಿಯಾದದ್ದು ಯಾರು? ಅಲಮೇಲುವನ್ನು ಒಂದು ಮಾತೂ ಕೇಳಿದವರಿಲ್ಲ. ಒಬ್ಬ ಗುರು, ಒಬ್ಬ ಶಿಷ್ಯ, ಇಬ್ಬರೂ ಸೇರಿ ಮೂರನೆಯವಳ ಬಾಳನ್ನು ತಮ್ಮ ನಡುವೆ ದಾನಮಾಡಿ ಪುಣ್ಯ ಕಟ್ಟಿಕೊಂಡರು.

ಇಂಥ ಸಂದರ್ಭವನ್ನು ಮಹಾಭಾರತದ ಉದ್ಯೋಗಪರ್ವವು ಅಂಬೆಯ ಉಪಾಖ್ಯಾನದಲ್ಲಿ ಇಟ್ಟು ನೋಡಿದೆ. ಅಲ್ಲಿಯೂ ಗುರು ಪರಶುರಾಮನು, ಈ ಹೆಣ್ಣಿನ ವಿಷಯದಲ್ಲಿ ನಾನು ಹೇಳಿದಂತೆ ಮಾಡು ಎಂದು ಶಿಷ್ಯ ಭೀಷ್ಮನಿಗೆ ವಿಧಿಸುತ್ತಾನೆ. ಭೀಷ್ಮನು ಒಪ್ಪುವುದಿಲ್ಲ. ಕಾರ್ಯಾಕಾರ್ಯವನ್ನು ಅರಿಯದೆ ದಾರಿತಪ್ಪಿದ ಗುರುವನ್ನೂ ತಡೆಯಬಹುದೆಂಬ ಪುರಾತನರ ಮಾತನ್ನು ಗುರುವಿನ ಮುಖಕ್ಕೇ ಹೇಳಿ ಯುದ್ಧಕ್ಕೆ ನಿಲ್ಲುತ್ತಾನೆ. ಗುರುವಾಕ್ಯವು ಪ್ರಶ್ನಾತೀತವೆಂದು ವೇದಿಕೆಯಲ್ಲಿ ಸಾರುವವರು ಈ ಸ್ಥಳವನ್ನು ನೋಡಿಕೊಳ್ಳಬೇಕು. ಆದರೆ ವ್ಯಾಸರ ದೃಷ್ಟಿ ಅಷ್ಟಕ್ಕೇ ನಿಲ್ಲುವುದಿಲ್ಲ. ಗುರುಶಿಷ್ಯರು ಬಹುದಿನ ಕಾದಾಡಿ ಇಬ್ಬರೂ ಗೌರವದಿಂದ ಹಿಂದಿರುಗುತ್ತಾರೆ. ಅಂಬೆ ಬೆಂಕಿಗೆ ಬೀಳುತ್ತಾಳೆ. ಭೀಷ್ಮನ ಶರಶಯ್ಯೆಗೆ ಆಕೆಯ ಲೆಕ್ಕ ಹೋಗಿ ಮುಟ್ಟುವವರೆಗೆ ಕವಿಯು ಆ ಲೆಕ್ಕವನ್ನು ಮುಚ್ಚಲಿಲ್ಲ. ಏಕಲವ್ಯನ ಹೆಬ್ಬೆರಳಿನ ಪ್ರಸಂಗದಲ್ಲಿಯೂ ಹಾಗೆಯೇ. ದ್ರೋಣರ ಪಾಂಡಿತ್ಯವನ್ನು ಹೊಗಳುವವರು ಬಹಳ. ಆ ಹೆಬ್ಬೆರಳನ್ನು ಬೇಡಿದ್ದಕ್ಕಾಗಿ ಅವರನ್ನು ಆದರ್ಶಗುರುವೆಂದು ಹೊಗಳಿದ ಸಭೆಯನ್ನು ನಾನು ಕಂಡಿಲ್ಲ. ಚಾಮಯ್ಯ ಮೇಷ್ಟ್ರನ್ನು ಮಾತ್ರ ಅವರು ಬೇಡಿದ್ದಕ್ಕಾಗಿಯೇ ಹೊಗಳುತ್ತೇವೆ.

ಇಲ್ಲಿಗೆ ಎದುರಾಳಿಯು ಎದ್ದು, ಮೇಷ್ಟ್ರಿಗೆ ಮುಂದಾಗುವುದು ಗೊತ್ತಿತ್ತೇ, ಅಲಮೇಲುವಿನ ಗಂಡ ಅಂಥವನೆಂದು ಅವರೇನು ಬಲ್ಲರು, ಎಂದು ಕೇಳುವನು. ನ್ಯಾಯವಾದ ಪ್ರಶ್ನೆ. ಗೊತ್ತಿರಲಿಲ್ಲ. ಆದ್ದರಿಂದ ಮೊದಲನೆಯ ಸಲ ನಡೆದದ್ದನ್ನು ಪ್ರಮಾದವೆಂದು ಕರೆಯೋಣ. ಪ್ರಮಾದವು ಯಾರಿಗೂ ತಪ್ಪಿದ್ದಲ್ಲ. ನಾನು ಕೇಳುವುದು ಎರಡನೆಯ ಸಲದ ಮಾತನ್ನು. ಬೆಟ್ಟದ ಮೇಲೆ, ಶಿಷ್ಯನ ಬಾಯಿಂದಲೇ, ಆ ಹೆಣ್ಣುಮಗಳ ಗತಿಯನ್ನು ಕೇಳಿದ ಮೇಲೆ ಒಬ್ಬ ಮನುಷ್ಯನು ಏನು ಮಾಡತಕ್ಕದ್ದು? ಕುಸಿದು ಕೂರಬೇಕು. ಎದೆ ಬಡಿದುಕೊಂಡು ಅಳದಿದ್ದರೂ ಒಂದು ಗಳಿಗೆ ಸುಮ್ಮನಿರಬೇಕು. ಮೇಷ್ಟ್ರು ಅದೇ ಹಳೆಯ ವಸೂಲಿಗೆ ಮತ್ತೆ ಕೈನೀಡುತ್ತಾರೆ. ಈ ಸಲ ಮಾರ್ಗರೆಟಳನ್ನು ಬಿಡು ಎನ್ನುತ್ತಾರೆ. ಫಲವನ್ನು ಕಂಡ ಮೇಲೂ ಅದೇ ಬೀಜವನ್ನು ಬಿತ್ತಲು ಬಂದುದನ್ನು ಪ್ರಮಾದವೆನ್ನಲಾಗದು. ಚಿತ್ರದ ಕಟ್ಟಕಡೆಯ ಅಪರಾಧವು ರಾಮಾಚಾರಿಯ ಕೈ ಮಾಡಿತು. ಅದಕ್ಕಿಂತ ಕ್ಷಣಮಾತ್ರ ಮುಂಚಿನ ಅಪರಾಧವು ಮೇಷ್ಟ್ರ ನಾಲಗೆ ಮಾಡಿದ್ದು.

ಪ್ರಾಯಶ್ಚಿತ್ತವೆಂಬ ಶಬ್ದವನ್ನು ನಮ್ಮವರು ದಕ್ಷಿಣೆ ಕೊಟ್ಟು ಮುಗಿಸುವ ಕರ್ಮವೆಂದು ತಿಳಿದಿದ್ದಾರೆ. ಪ್ರಾಯವೆಂದರೆ ತಪಸ್ಸು, ಚಿತ್ತವೆಂದರೆ ನಿಶ್ಚಯ, ಎಂದು ಹಿಂದಿನವರು ಬಿಡಿಸಿ ಹೇಳಿದ್ದಾರೆ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಪಾಪಿಯು ಪಾಪದಿಂದ ಬಿಡುಗಡೆ ಹೊಂದುವ ಉಪಾಯಗಳನ್ನು ಎಣಿಸುವಾಗ ತಪಸ್ಸಿಗೂ ಅಧ್ಯಯನಕ್ಕೂ ಮುಂಚೆ ಎರಡನ್ನು ಇಟ್ಟಿದೆ: ಮಾಡಿದ್ದನ್ನು ಹೊರಗೆ ಹೇಳುವುದು, ಮತ್ತು ಅದಕ್ಕಾಗಿ ಬೇಯುವುದು. ಈ ಎರಡೂ ಇಲ್ಲದಲ್ಲಿ ಮಿಕ್ಕುದೆಲ್ಲ ಬರಿಯ ಸ್ನಾನ. ಆ ಗ್ರಂಥದಲ್ಲಿ ಇಂದು ಒಪ್ಪಲಾಗದ ಮಾತುಗಳು ಬಹಳವಿವೆಯೆಂಬುದನ್ನು ನಾನು ಬಲ್ಲೆ. ಆದರೆ ಅದರ ಹೆಸರಿನಲ್ಲಿ ಅನ್ಯರನ್ನು ದಂಡಿಸುವವರನ್ನು ಅದರಿಂದಲೇ ಕಟ್ಟಿಹಾಕುವುದು ವಾದದಲ್ಲಿ ಸಲ್ಲುವ ಕ್ರಮ.

ಹೀಗೆ ಕಟ್ಟಿಹಾಕುವುದಕ್ಕೆ ಅನುಕೂಲವಾದ ಇನ್ನೊಂದು ಚಿತ್ರವಿದೆ. ಅನಂತಮೂರ್ತಿಯವರ ಕಥೆಯಿಂದ ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ತೆಗೆದ 'ಘಟಶ್ರಾದ್ಧ'ವು ಸ್ವರ್ಣಕಮಲ ಪಡೆದು ದೇಶಕ್ಕೆಲ್ಲ ಪರಿಚಿತವಾಯಿತು. ಅದು ನಡೆಯುವುದು ಮಲೆನಾಡಿನ ಒಂದು ವೇದಪಾಠಶಾಲೆಯಲ್ಲಿ. ಆದ್ದರಿಂದ ನನ್ನಂಥವರು ಅದನ್ನು ಹೊರಗಿನವರಂತೆ ನೋಡಲಾರೆವು. ಪಾಠಶಾಲೆಯ ಉಡುಪರ ಮಗಳು, ಬಾಲವಿಧವೆ ಯಮುನಕ್ಕ, ಗರ್ಭಿಣಿಯಾಗುತ್ತಾಳೆ. ಕಾರಣನಾದವನೊಬ್ಬ ಶಾಲೆಯ ಮೇಷ್ಟ್ರು! ಆತನು ಜಾರಿಕೊಳ್ಳುತ್ತಾನೆ. ಅಗ್ರಹಾರದವರು ಸೇರಿ ಆಕೆಯನ್ನು ಹೊರಹಾಕುತ್ತಾರೆ. ಹೆತ್ತ ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧಮಾಡಿ ಮಡಕೆಯೊಡೆಯುತ್ತಾನೆ. ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತ ಆಕೆಯನ್ನು, ಆಕೆಯೊಬ್ಬಳನ್ನೇ ಆಶ್ರಯಿಸಿದ್ದ ಪುಟ್ಟ ವಿದ್ಯಾರ್ಥಿ ನಾಣಿಯು ನೋಡುತ್ತ ಅಗಲುತ್ತಾನೆ. ಆ ಬಾಲಕನ ಕಣ್ಣೇ ಚಿತ್ರದ ನ್ಯಾಯಪೀಠ.

ಈಗ ಗ್ರಂಥವನ್ನು ತೆರೆಯಿರಿ. ಪತಿತನಾದವನಿಗೆ ನೀರು ಬಿಟ್ಟು, ದಾಸಿಯ ಕಾಲಿನಿಂದ ಕೊಡವನ್ನು ಉರುಳಿಸಬೇಕೆಂಬ ವಿಧಿ ಮನುವಿನಲ್ಲಿ ಇರುವುದು ನಿಜ. ಆದರೆ ಕೆಲವೇ ಶ್ಲೋಕಗಳ ಮುಂದೆ ಬೇರೊಂದು ವಿಧಿಯಿದೆ. ಪ್ರಾಯಶ್ಚಿತ್ತ ಮಾಡಿಕೊಂಡು ಬಂದವನೊಡನೆ ಬಂಧುಗಳು ಪುಣ್ಯಜಲದಲ್ಲಿ ಸ್ನಾನಮಾಡಿ, ನೀರು ತುಂಬಿದ ಹೊಸ ಕೊಡವನ್ನು ಅದರಲ್ಲಿ ಬಿಟ್ಟು, ಅವನನ್ನು ಮರಳಿ ಮನೆಗೆ ಸೇರಿಸಿಕೊಳ್ಳಬೇಕು. ಅದಕ್ಕೂ ಮುಂದೆ, ಪತಿತೆಯಾದ ಹೆಂಗಸಿನ ವಿಷಯದಲ್ಲಿ, ಆಕೆಗೆ ಬಟ್ಟೆ ಅನ್ನ ನೀರುಗಳನ್ನು ಕೊಟ್ಟು ಮನೆಯ ಹತ್ತಿರದಲ್ಲಿಯೇ ಇರಿಸಬೇಕೆಂದು ಹೇಳಿದೆ. ಉಡುಪರ ಅಗ್ರಹಾರಕ್ಕೆ ಉರುಳುವ ಕೊಡ ಮಾತ್ರ ಬಾಯಿಪಾಠವಾಗಿತ್ತು. ಹೊಸ ಕೊಡದ ಶ್ಲೋಕವನ್ನು ಗೆದ್ದಲು ತಿಂದಿತ್ತೋ ಏನೋ! ಅನ್ನವಸ್ತ್ರಗಳ ಶ್ಲೋಕವನ್ನಂತೂ ತೆರೆದು ನೋಡಿದವರೇ ಇಲ್ಲ. ಅಲಮೇಲುವಿಗೂ ಚಿತ್ರದುರ್ಗದಲ್ಲಿ ಯಾರೂ ಹೊಸ ಕೊಡ ಹಿಡಿದು ನಿಲ್ಲಲಿಲ್ಲ. ಆಕೆಯನ್ನು ಹುಡುಕಿ ತರಲು ಹೊರಟ ಮೇಷ್ಟ್ರೊಬ್ಬರನ್ನು ಚಿತ್ರವು ತೋರಿಸಿದ್ದರೆ ನಾನೂ ಸಭೆಯಲ್ಲಿ ಎದ್ದು ನಿಂತು ಕೈತಟ್ಟುತ್ತಿದ್ದೆ.

ಚಾಮಯ್ಯನವರನ್ನು ಅಪರಾಧಿಯೆಂದರೆ ರಾಮಾಚಾರಿ ನಿರಪರಾಧಿಯಾದನೇ ಎಂದರೆ, ಇಲ್ಲ. ಅವನ ಕೈಗೆ ಗುರುವಿನ ರಕ್ತ ಅಂಟಿದೆ. ಆದರೆ ಚಿತ್ರವು ಅವನನ್ನು ತತ್‌ಕ್ಷಣವೇ ಸಾಯಿಸಿಬಿಡುತ್ತದೆ, ಮತ್ತು ಇದೇ ನಾನು ಪುಟ್ಟಣ್ಣನವರ ಮೇಲೆ ಹೊರಿಸುವ ಆಕ್ಷೇಪಣೆ. ಸಾವು ಅನುತಾಪವಲ್ಲ. ಭಾರತದಲ್ಲಿ ಧರ್ಮರಾಜನೂ ಗುರುವನ್ನು ಸುಳ್ಳಿನಿಂದ ಕೊಂದವನು. ಆ ಅರ್ಧಸತ್ಯವನ್ನು ಆಡಿದೊಡನೆ ನೆಲದಿಂದ ನಾಲ್ಕಂಗುಲ ಮೇಲಿದ್ದ ಅವನ ರಥವು ಭೂಮಿಗೆ ತಾಗಿತು; ಅವನು ರಾಜ್ಯವಾಳಿದನು, ಅಶ್ವಮೇಧ ಮಾಡಿದನು, ಮುದುಕನಾದನು, ಹಿಮಾಲಯ ಹತ್ತಿದನು, ಕೊನೆಗೆ ಸ್ವರ್ಗದ ಬಾಗಿಲಲ್ಲಿ ಆ ಒಂದು ಮಾತಿಗಾಗಿ ನರಕವನ್ನು ಕಣ್ಣಿನಿಂದ ನೋಡಬೇಕಾಯಿತು. ದಶರಥನು ಯೌವನದಲ್ಲಿ ಕತ್ತಲಲ್ಲಿ ಶಬ್ದಕ್ಕೆ ಬಾಣ ಬಿಟ್ಟು ಮುನಿಕುಮಾರನನ್ನು ಕೊಂದದ್ದನ್ನು ಸಾಯುವ ರಾತ್ರಿ ಕೌಸಲ್ಯೆಗೆ ಹೇಳಿಕೊಳ್ಳುತ್ತಾನೆ. ನಡುವಿನ ವರ್ಷಗಳಷ್ಟೂ ಅದು ಅವನ ಒಳಗೆ ಕುಳಿತಿತ್ತು. ನಮ್ಮ ಕವಿಗಳು ಅಪರಾಧಿಯನ್ನು ಬದುಕಿಸಿ ಶಿಕ್ಷಿಸಿದರು. 'ನಾಗರಹಾವು' ಬೆಟ್ಟದಿಂದ ಧುಮುಕಿಸಿ ಎಲ್ಲರನ್ನೂ ಪಾರುಮಾಡಿತು: ಹುಡುಗನಿಗೆ ಜೈಲಿಲ್ಲ, ಊರಿಗೆ ಪ್ರಶ್ನೆಯಿಲ್ಲ, ಪ್ರೇಕ್ಷಕನಿಗೆ ಕಣ್ಣೀರೊರೆಸಿಕೊಂಡು ಮನೆಗೆ ಹೋಗುವ ಅನುಕೂಲ. ವರದನೆಂಬ ವಚನಭ್ರಷ್ಟನು ಬದುಕಿರುವನೆಂಬುದು ಯಾರ ನೆನಪಿಗೂ ಬರುವುದಿಲ್ಲ.

ಇದರ ಪಕ್ಕದಲ್ಲಿ 'ಸಂಸ್ಕಾರ'ವನ್ನು ಇಟ್ಟು ನೋಡಬೇಕು. ಪಟ್ಟಾಭಿರಾಮರೆಡ್ಡಿಯವರ ಆ ಚಿತ್ರವನ್ನು 1970ರಲ್ಲಿ ಮದರಾಸಿನ ಸೆನ್ಸಾರ್ ಮಂಡಲಿ ತಡೆಹಿಡಿಯಿತು. ಬಳಿಕ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಮೇಲೆ ಅದಕ್ಕೇ ಆ ವರ್ಷದ ಅತ್ಯುತ್ತಮ ಚಿತ್ರದ ಸ್ವರ್ಣಪದಕ ಬಂದಿತು. ಶವಸಂಸ್ಕಾರಕ್ಕೆ ಶಾಸ್ತ್ರ ಹುಡುಕುತ್ತ ಹೋದ ಪ್ರಾಣೇಶಾಚಾರ್ಯರು ಚಂದ್ರಿಯನ್ನು ಕೂಡಿ, ಅಗ್ರಹಾರ ಬಿಟ್ಟು ಅಲೆದು, ತನ್ನ ಮುಖವನ್ನು ತಾನು ತಪ್ಪಿಸಿಕೊಳ್ಳಲಾರದೆ ಮರಳುವರು. ಅವರಿಗೆ ಸಾವಿನ ಅನುಕೂಲವಿಲ್ಲ. ತಪ್ಪು ಮಾಡಿದೆನೋ, ಅದುವರೆಗೆ ಮಾಡುತ್ತಿದ್ದುದೇ ತಪ್ಪೋ ಎಂಬ ಸಂದಿಗ್ಧವನ್ನು ಹೊತ್ತು ನಡೆಯಬೇಕು. ಕೆಟ್ಟದ್ದನ್ನು ಒಳ್ಳೆಯದೆನ್ನುವುದಕ್ಕೂ ಇದಕ್ಕೂ ಆಕಾಶಪಾತಾಳದ ಅಂತರವಿದೆ. ನೈತಿಕ ಸಂದಿಗ್ಧವೆಂಬುದು ಪ್ರೇಕ್ಷಕನನ್ನು ತೀರ್ಪುಗಾರನ ಕುರ್ಚಿಯಿಂದ ಎಬ್ಬಿಸಿ ಕಟಕಟೆಯೊಳಗೆ ನಿಲ್ಲಿಸತಕ್ಕ ವಿದ್ಯೆ.

ಇಂದಿನ ಚಿತ್ರಗಳ ವಿಷಯದಲ್ಲಿ ನಾನು ಉಪನ್ಯಾಸಕರೊಡನೆ ಸೇರುವುದಿಲ್ಲವೆಂದರೆ ಅವುಗಳನ್ನೆಲ್ಲ ಮೆಚ್ಚುತ್ತೇನೆಂದಲ್ಲ. 1995ರ 'ಓಂ' ಪುರೋಹಿತರ ಮಗನನ್ನು ರೌಡಿ ಮಾಡಿ ತೋರಿಸಿತು. ನಿಜವಾದ ರೌಡಿಗಳನ್ನೇ ತೆರೆಗೆ ತಂದಿತು. 2014ರ 'ಉಳಿದವರು ಕಂಡಂತೆ' ಒಂದೇ ಘಟನೆಯನ್ನು ಹಲವರ ಬಾಯಿಂದ ಹೇಳಿಸಿ, ನಿಜವೇನೆಂಬುದನ್ನು ನೋಡುವವನಿಗೇ ಬಿಟ್ಟಿತು. ಗಲ್ಲಾಪೆಟ್ಟಿಗೆ ತುಂಬಲಿಲ್ಲ, ಕೆಲವು ವರ್ಷಗಳ ಮೇಲೆ ಜನ ಹುಡುಕಿ ನೋಡಿದರು. ಅದು ಒಳ್ಳೆಯ ಪ್ರಯತ್ನವೆಂದು ನನಗನ್ನಿಸುತ್ತದೆ. 2018 ಮತ್ತು 2022ರಲ್ಲಿ ಎರಡು ಭಾಗವಾಗಿ ಬಂದ 'ಕೆ.ಜಿ.ಎಫ್.' ಮಾತ್ರ ಪ್ರಕೃತಕ್ಕೆ ಬೇಕಾದದ್ದು. ಅದರ ನಾಯಕನು ಎಣಿಸಲಾರದಷ್ಟು ಜನರನ್ನು ಕೊಲ್ಲುತ್ತಾನೆ. ಒಂದು ರಾತ್ರಿ ನಿದ್ರೆಗೆಡುವುದಿಲ್ಲ. ಏಕೆಂದರೆ ತಾಯಿಗೆ ಮಾತು ಕೊಟ್ಟಿದ್ದಾನೆ. ಕೊನೆಗೆ ಚಿನ್ನದೊಡನೆ ಸಮುದ್ರದಲ್ಲಿ ಮುಳುಗುತ್ತಾನೆ; ಪ್ರೇಕ್ಷಕರು ಎದ್ದು ನಿಂತು ಸಿಳ್ಳೆ ಹೊಡೆಯುತ್ತಾರೆ. ಉಪನ್ಯಾಸಕರಿಗೆ ಇದು ಚಾಮಯ್ಯ ಮೇಷ್ಟ್ರಿಗೆ ನೇರ ವಿರುದ್ಧವಾಗಿ ಕಾಣುತ್ತದೆ. ನನಗೆ ಎರಡೂ ಒಂದೇ ಮರದ ಕೊಂಬೆಗಳಾಗಿ ಕಾಣುತ್ತವೆ. ಅಲ್ಲಿ ಗುರುವಾಕ್ಯ, ಇಲ್ಲಿ ಮಾತೃವಾಕ್ಯ. ಅಲ್ಲಿ ಬೆಟ್ಟ, ಇಲ್ಲಿ ಕಡಲು. ಪ್ರೀತಿಯಿಂದ ಮಾಡಿದವನಿಗೆ ಲೆಕ್ಕ ಕೇಳಬಾರದೆಂಬ ಪಾಠವನ್ನು ಐವತ್ತು ವರ್ಷಗಳ ಕಾಲ ವೇದಿಕೆಯ ಮೇಲಿಂದ ಹೇಳಿಕೊಟ್ಟವರು ನಾವೇ. ಹುಡುಗರು ಅದನ್ನು ಕಲಿತರೆ ಅವರ ಮೇಲೆ ರೇಗುವುದೇಕೆ? ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಸೀಮೆಯಲ್ಲಿ ಬದುಕುವ ನಾವು 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಅವರ ಮಾತನ್ನು ಗೋಡೆಗಳ ಮೇಲೆಲ್ಲ ಬರೆಸಿ, ಮಾಡಿದವರು ನಮಗೆ ಬೇಕಾದವರಾದರೆ ಲೆಕ್ಕ ಹರಿದುಹಾಕುತ್ತೇವೆ.

ಸಿನಿಮಾದ ಮಾತಿಗೆ ಇಷ್ಟು ಕಾವೇಕೆ ಎಂದು ಕೆಲವರಿಗೆ ತೋರಬಹುದು. ಕಾವಿಗೆ ಕಾರಣವುಂಟು. ಹಳ್ಳಿಯ ಮೇಷ್ಟ್ರನ್ನು ಪಾಠ ಹೇಳುವುದಕ್ಕಿಂತ ಹೆಚ್ಚಾಗಿ ಬುದ್ಧಿ ಹೇಳುವುದಕ್ಕೇ ಊರವರು ಕರೆಯುವರು. ಬೇರೆ ಜಾತಿಯ ಹುಡುಗನೊಡನೆ ಮಾತನಾಡಿದಳೆಂದು ಒಂದು ಹೆಣ್ಣನ್ನು ಕಾಲೇಜು ಬಿಡಿಸುವಾಗ, ಹದಿನೆಂಟು ತುಂಬುವುದರೊಳಗೇ ಮದುವೆಗೆ ಒಪ್ಪಿಸುವಾಗ, 'ಮೇಷ್ಟ್ರೇ, ನಿಮ್ಮ ಮಾತು ಕೇಳ್ತಾಳೆ, ನೀವೊಂದು ಮಾತು ಹೇಳಿ' ಎಂದು ಮನೆಯ ಹಿರಿಯರು ಬಾಗಿಲಿಗೆ ಬರುವರು. ಕಾನೂನು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. ಬಾಲ್ಯವಿವಾಹ ನಿಷೇಧದ ಕಾಯಿದೆ 2006ರದು. ಪ್ರಾಪ್ತವಯಸ್ಕರಿಬ್ಬರು ಒಪ್ಪಿ ಮಾಡಿಕೊಳ್ಳುವ ಮದುವೆಗೆ ಜಾತಿಪಂಚಾಯಿತಿಗಳೇ ಮೊದಲಾದ ಜನಕೂಟಗಳು ಅಡ್ಡಬರುವುದು ನ್ಯಾಯಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ಆದರೆ ಪಂಚಾಯಿತಿಯು ದೊಣ್ಣೆ ಹಿಡಿದು ಬಂದರೆ ಪೊಲೀಸರಿಗೆ ಹೇಳಬಹುದು. ಮೇಷ್ಟ್ರು ಕಣ್ಣೀರು ಹಿಡಿದು ಬಂದರೆ ಯಾರಿಗೆ ಹೇಳುವುದು? ಆ ಹೆಣ್ಣುಮಗಳಿಗೆ ಓದು ಕಲಿಸಿದವನ ಮಾತನ್ನು ತೆಗೆದುಹಾಕುವ ಶಕ್ತಿ ಇರುವುದಿಲ್ಲ. ಆ ಅಶಕ್ತಿ ಗೊತ್ತಿದ್ದೇ ಮನೆಯವರು ನಮ್ಮ ಬಾಗಿಲಿಗೆ ಬರುವುದು. ಆ ಬಾಗಿಲಿನಲ್ಲಿ ನಿಂತ ತರುಣ ಉಪಾಧ್ಯಾಯನ ಮನಸ್ಸಿನಲ್ಲಿ ಆದರ್ಶವೆಂದು ಚಾಮಯ್ಯ ಮೇಷ್ಟ್ರ ಚಿತ್ರವನ್ನು ನಾವು ತೂಗುಹಾಕಿದ್ದರೆ, ಆತನು ಚಪ್ಪಲಿ ಮೆಟ್ಟಿ ಅವರ ಹಿಂದೆ ಹೊರಟೇಬಿಡುವನು, ಪುಣ್ಯಕಾರ್ಯವೆಂದೇ ತಿಳಿಯುವನು.

ಈ ಚಿತ್ರವನ್ನು ಉಪಾಧ್ಯಾಯರ ತರಬೇತಿ ಶಾಲೆಗಳಲ್ಲಿ ತೋರಿಸುವುದು ಒಳ್ಳೆಯದು. ಶಿಷ್ಯನು ಅಲಮೇಲುವಿನ ಹೆಸರೆತ್ತಿದ ಸ್ಥಳಕ್ಕೆ ಬಂದಾಗ ಯಂತ್ರವನ್ನು ನಿಲ್ಲಿಸಿ, ದೀಪ ಹಾಕಿ, ಈಗ ಮೇಷ್ಟ್ರು ಏನು ಹೇಳಬೇಕೆಂದು ಒಬ್ಬೊಬ್ಬರನ್ನೂ ಕೇಳಲಿ. ಬಂದ ಉತ್ತರಗಳನ್ನು ಬರೆದಿಡಲಿ. ಆಮೇಲೆ ಮುಂದಿನದನ್ನು ತೋರಿಸಲಿ.

ನನ್ನ ಈ ಮಾತುಗಳಿಂದ ನೊಂದವರು ಇದೇ ಪತ್ರಿಕೆಗೆ ಪ್ರತ್ಯುತ್ತರ ಬರೆಯಬಹುದು. ಸಂಪಾದಕರು ಎಡೆಕೊಡುವರೆಂದು ನಂಬಿದ್ದೇನೆ. ಒಂದು ನಿಯಮವನ್ನು ಮಾತ್ರ ಅವರು ಪಾಲಿಸಬೇಕು. ಮೇಷ್ಟ್ರ ವಾತ್ಸಲ್ಯವನ್ನು ವರ್ಣಿಸಿ ಪುಟ ತುಂಬಿಸುವುದು ಬೇಡ, ಅದನ್ನು ನಾನೇ ಒಪ್ಪಿದ್ದಾಗಿದೆ. ಮೊದಲನೆಯ ಸಲದ ಮಾತಿಗೂ ಸಮಾಧಾನ ಬೇಡ, ಅದನ್ನು ಪ್ರಮಾದವೆಂದು ಬಿಟ್ಟುಕೊಟ್ಟಿದ್ದೇನೆ. ಅವರು ಉತ್ತರ ಕೊಡಬೇಕಾದದ್ದು ಎರಡನೆಯ ಸಲದ ಮಾತಿಗೆ.